ಕುಸ್ತಿಯನ್ನು ‘ಕುಸಿತ’ ಎಂದು ಓದಿದ ಹುಡುಗ

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ತರಗತಿಯನ್ನು ನೋಡಿಕೊಳ್ಳುತ್ತೇನೆ. ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಅಕ್ಷರಗಳಿಂದ ಆರಂಭಿಸುವ ಈ ಕ್ರಮದಲ್ಲಿ ಮಕ್ಕಳು ಬಹುಬೇಗ ‘ಸರ’, ‘ಅರಸ’, ‘ಗರಗಸ’ ಎಂದು ಕೂಡಿಸಿ ಓದುವುದರಿಂದ ಮೂಲಾಕ್ಷರಗಳಲ್ಲಿ ನನಗೆ ಹೆಚ್ಚು ತೊಡಕಾಗಲಿಲ್ಲ. ಕಾಗುಣಿತವೂ ಸಾವಕಾಶವಾಗಿ ಒಲಿಯಿತು. ಗಾಡಿ ನಿಂತದ್ದು ಒತ್ತಕ್ಷರದಲ್ಲಿ.

ಎರಡನೆಯ ತರಗತಿಯ ಹುಡುಗನೊಬ್ಬ ಜಾತ್ರೆಯ ಕರಪತ್ರದಲ್ಲಿದ್ದ ‘ಕುಸ್ತಿ’ಯನ್ನು ‘ಕುಸಿತ’ ಎಂದು ಓದಿದ. ಹತ್ತು ಸಲ ಬರೆಸಿದೆ. ಮರುದಿನವೂ ಅದೇ ‘ಕುಸಿತ’. ಬೇಸರದಿಂದ ಯಾಕೆಂದು ಕೇಳಿದಾಗ, “ಗುಡಿಸು ಸದ ತಲಿ ಮ್ಯಾಲ ಐತಲ್ರಿ ಸರ” ಎಂದ. ಅವನು ಕಂಡದ್ದನ್ನು ಕಂಡ ಹಾಗೆಯೇ ಓದಿದ್ದ. ‘ಇ’ ಸ್ವರ ಸೇರಬೇಕಾದದ್ದು ಕೆಳಗಿನ ತಕಾರಕ್ಕೆ, ಆದರೆ ನಮ್ಮ ಲಿಪಿ ಅದರ ಚಿಹ್ನೆಯನ್ನು ಮೇಲಿನ ಸಕಾರಕ್ಕೆ ಹಚ್ಚುತ್ತದೆ. ಬಸ್ಸಿನ ಬೋರ್ಡಿನ ‘ಬಳ್ಳಾರಿ’ ಇನ್ನೊಬ್ಬಳ ಬಾಯಲ್ಲಿ ‘ಬಳಾಳರಿ’ ಆದದ್ದೂ ಇದೇ ಲೆಕ್ಕದಿಂದ. ಹತ್ತು ಸಲ ಬರೆಸಿದ್ದು ನನ್ನ ದಡ್ಡತನ.

ಆಮೇಲೆ ಕಿವಿಯಿಂದ ಆರಂಭಿಸಿದೆ. ‘ಕುಸ್’ ಎಂದು ತಡೆದು, ಚಪ್ಪಾಳೆ ತಟ್ಟಿ, ‘ತಿ’ ಎನ್ನುವುದು ರೂಢಿಯಾದ ನಂತರ ‘ಕು’, ‘ಸ್’, ‘ತಿ’ ಎಂದು ಕಪ್ಪು ಅಕ್ಷರದ ಮೂರು ರಟ್ಟಿನ ಚೀಟಿಗಳನ್ನು ಸಾಲಾಗಿ ಇಟ್ಟೆ. ಬಳಿಕ ‘ತಿ’ಯನ್ನು ತೆಗೆದು, ಕೆಂಪು ಕಾಗದದಲ್ಲಿ ಕತ್ತರಿಸಿದ ತ-ಒತ್ತನ್ನು ಸಕಾರದ ಕೆಳಗೂ, ಅದೇ ಕೆಂಪಿನ ಗುಡಿಸನ್ನು ಅದರ ತಲೆಯ ಮೇಲೂ ಮಕ್ಕಳ ಕೈಯಿಂದಲೇ ಇಡಿಸಿದೆ. ಕೆಂಪು ಎರಡೂ ಒಂದೇ ಮನೆಯವು, ಆದ್ದರಿಂದ ಕಪ್ಪನ್ನು ಮೊದಲು ಅರ್ಧ ಓದಿ, ಕೆಂಪನ್ನು ಆಮೇಲೆ ಒಟ್ಟಿಗೆ ಓದಬೇಕು ಎಂಬುದಷ್ಟೇ ನಿಯಮ.

ಒತ್ತುಗಳ ಸರದಿಯನ್ನೂ ಬದಲಿಸಿಕೊಂಡೆ. ಕ, ಟ, ಪ, ವ, ಳಗಳ ಒತ್ತು ಮೂಲಾಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲಗಳದ್ದು ಬೇರೆಯೇ ಆಕಾರ. ಹಾಗಾಗಿ ‘ಅಕ್ಕ’, ‘ರೊಟ್ಟಿ’, ‘ಕೊಪ್ಪಳ’ ಮೊದಲು ಬಂದವು, ‘ಅಮ್ಮ’ ಹಿಂದೆ ಉಳಿಯಿತು. ಅದರಿಂದ ನಷ್ಟವೇನೂ ಆಗಲಿಲ್ಲ, ನಮ್ಮ ಮಕ್ಕಳಿಗೆ ತಾಯಿ ಎಂದರೆ ‘ಅವ್ವ’. ತಂದೆತಾಯಿಯ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ತಪ್ಪಿಸಿಕೊಂಡವರು ಮರಳಿದಾಗ ಪಾಠಪುಸ್ತಕಕ್ಕಿಂತ ಮೊದಲು ಇದೇ ಚೀಟಿಗಳನ್ನು ಕೊಡುತ್ತೇನೆ.

ಅರ್ಕಾವತ್ತು ಮಾತ್ರ ಇನ್ನೂ ಜಗ್ಗಿಲ್ಲ. ಅಲ್ಲಿ ಅಕ್ಷರದ ನಂತರ ಬರೆದ ರಕಾರದ ಚಿಹ್ನೆಯನ್ನು ಆ ಅಕ್ಷರಕ್ಕಿಂತ ಮೊದಲು ಓದಬೇಕಾಗಿರುವುದರಿಂದ ಕೆಂಪು-ಕಪ್ಪಿನ ನಿಯಮವೇ ತಲೆಕೆಳಗಾಗುತ್ತದೆ, ‘ಸೂರ್ಯ’ ನನ್ನ ತರಗತಿಯಲ್ಲಿ ಈಗಲೂ ‘ಸೂಯರ’ ಆಗಿಯೇ ಹುಟ್ಟುತ್ತಾನೆ.