ಕೆಂಡದ ಮೇಲೆ ಹಾಪಿನ್ ಜಾನ್: ನನ್ನ ಅನುಭವ

ಅಮೆರಿಕದ ದಕ್ಷಿಣ ಕೆರೊಲೈನಾ ರಾಜ್ಯದಲ್ಲಿ ಹೊಸ ವರ್ಷದ ದಿನ ಉಣ್ಣುವ ಹಾಪಿನ್ ಜಾನ್, ಅಂದರೆ ಅಲಸಂದೆ, ಬೇಕನ್ (ಉಪ್ಪು ಹಚ್ಚಿ ಹೊಗೆಯಾಡಿಸಿದ ಹಂದಿಮಾಂಸ) ಮತ್ತು ಅಕ್ಕಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸುವ ಅನ್ನ, ಗ್ಯಾಸ್ ಒಲೆಯ ಮೇಲೆ ಮೂರು ಬಾರಿಯೂ ನನ್ನ ಕೈಯಲ್ಲಿ ಮುದ್ದೆಯಾಯಿತು. ಕೆಂಡದ ಮೇಲೆ ಮಾಡುತ್ತೇನೆಂದಾಗ, ಕುಕ್ಕರಿನಲ್ಲೂ ಇದೇ ರುಚಿ ಬರುತ್ತದೆ, ಸೌದೆಗೆ ದುಡ್ಡು ಸುರಿಯಬೇಡ ಎಂದು ಗೆಳೆಯರು ಬುದ್ಧಿ ಹೇಳಿದರು.

ದಾರಿ ತೋರಿಸಿದ್ದು 1847ರಲ್ಲಿ ಅದೇ ರಾಜ್ಯದ ಚಾರ್ಲ್ಸ್‌ಟನ್ನಿನ ಸಾರಾ ರಟ್ಲೆಜ್ ಅಚ್ಚು ಹಾಕಿಸಿದ ಅಡುಗೆ ಪುಸ್ತಕದ ಒಂದು ಸಾಲು. ಒಂದು ಪೈಂಟ್ (ಸುಮಾರು ಅರ್ಧ ಲೀಟರ್) ಕೆಂಪು ಅಲಸಂದೆ, ಒಂದು ಪೈಂಟ್ ಅಕ್ಕಿ, ಒಂದು ಪೌಂಡ್ ಬೇಕನ್ ಎಂದು ಅಳತೆ ಕೊಡುವ ಆಕೆ, ಅಕ್ಕಿ ಕುದಿದ ಮೇಲೆ ಪಾತ್ರೆಯನ್ನು ಉರಿಯಿಂದ ಇಳಿಸಿ, ಬರಿಯ ಅನ್ನಕ್ಕೆ ಮಾಡುವಂತೆಯೇ ಕೆಂಡದ ಮೇಲಿಟ್ಟು ಹಬೆಯಲ್ಲಿ ಅರಳಿಸಬೇಕೆಂದು ಹೇಳಿ ಮುಗಿಸುತ್ತಾರೆ. ಕೆಂಡ ಎಷ್ಟಿರಬೇಕೆಂದು ಬರೆಯುವ ಅಗತ್ಯ ಆಕೆಗೆ ಕಾಣಲಿಲ್ಲ. ಅದನ್ನು ಬಲ್ಲವರು ಅಂಥ ಮನೆಗಳ ಅಡುಗೆಮನೆಯಲ್ಲಿ ಗುಲಾಮರಾಗಿದ್ದ ಹೆಂಗಸರು. ಪಶ್ಚಿಮ ಆಫ್ರಿಕದ ಭತ್ತದ ನಾಡುಗಳಿಂದ ಹಿಡಿದು ತಂದವರ ಮಕ್ಕಳು ಮೊಮ್ಮಕ್ಕಳು ಭತ್ತವನ್ನು ಒರಳಿನಲ್ಲಿ ಕುಟ್ಟಿ, ಹುಲ್ಲಿನಿಂದ ಹೆಣೆದ ಮೊರದಲ್ಲಿ ಕೇರಿ, ಒಡೆಯರ ಊಟದ ಮೇಜಿಗೆ ಅನ್ನ ಮಾಡಿ ಕಳಿಸುತ್ತಿದ್ದರು. ಹೆಸರು ಉಳಿದವರು ವಿರಳ. ಮುಂದೆ ಅಮೆರಿಕದ ಅಧ್ಯಕ್ಷನಾದ ಜೆಫರ್ಸನ್ ಮನೆಯಲ್ಲಿ ಗುಲಾಮರಾಗಿದ್ದ ಅಡುಗೆಯವರು ಜೇಮ್ಸ್ ಹೆಮಿಂಗ್ಸ್ ಪ್ಯಾರಿಸ್ಸಿನಲ್ಲಿ ಪಾಕ ಕಲಿತು ಬಂದಿದ್ದರೂ, ತಮ್ಮ ಪೀಟರನಿಗೆ ಅದನ್ನು ಕಲಿಸಿಕೊಟ್ಟ ಮೇಲಷ್ಟೇ 1796ರಲ್ಲಿ ಬಿಡುಗಡೆ ಪಡೆದರು. ಹೆಸರಿಲ್ಲದೆ ಹೋದ ಆ ಹೆಂಗಸರ ನೆನಪು ಈ ಪಾತ್ರೆಯ ಮುಂದೆ ಕೂತಾಗಲೆಲ್ಲ ನನ್ನನ್ನು ಕಾಡುತ್ತದೆ.

ಖರ್ಚು ಕಡಿಮೆಯೇನಲ್ಲ. ಮೂರು ಕಾಲಿನ ಹಳೆಯ ಎರಕದ ಪಾತ್ರೆಗೆ ಸುಮಾರು 90 ಡಾಲರ್ ಕೊಟ್ಟೆ. ಆ ನಾಡಿನ ಹಳೆಯ ತಳಿಯಾದ ಕೆರೊಲೈನಾ ಗೋಲ್ಡ್ ಅಕ್ಕಿ ಪೌಂಡಿಗೆ 8 ಡಾಲರ್ ಇತ್ತೆಂದು ನೆನಪು. ಕೆಂಡದ ಮೊದಲೆರಡು ಪ್ರಯತ್ನಗಳಲ್ಲಿ ತಳ ಸೀದು, ನಾಲ್ಕು ಪೌಂಡ್ ಅಕ್ಕಿ ಹಾಳಾಯಿತು. ನಿಗಿನಿಗಿ ಕೆಂಡ ಬಳಸಿದ್ದು ತಪ್ಪಾಗಿತ್ತು. ಬೂದಿ ಮುಚ್ಚಿದ ಕೆಂಡವನ್ನು ಎರಡು ಬೆರಳಿನಷ್ಟು ಹರಡಿ, ಅಲಸಂದೆ ಬೆಂದ ಕಟ್ಟು ಅಕ್ಕಿಯ ಮೇಲೆ ಅರ್ಧ ಬೆರಳಿಗಿಂತ ಹೆಚ್ಚು ನಿಲ್ಲದಂತೆ ನೋಡಿಕೊಂಡು, ಸೌಟು ಹಾಕದೆ, ಐದೈದು ನಿಮಿಷಕ್ಕೆ ಪಾತ್ರೆಯನ್ನು ಕಾಲು ಸುತ್ತು ತಿರುಗಿಸುತ್ತ ಬಂದಾಗ, ಅರ್ಧ ಗಂಟೆಯಲ್ಲಿ ಅಗುಳು ಅಗುಳಾಗಿ ಅರಳಿತು. ಮುಚ್ಚಳದ ಹಬೆನೀರು ಅನ್ನಕ್ಕೆ ತೊಟ್ಟಿಕ್ಕದಂತೆ ತಡೆಯುವ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಸೋನಾ ಮಸೂರಿಯನ್ನೂ ಪರೀಕ್ಷಿಸಿದೆ. ಅನ್ನ ಉದುರಾಯಿತು, ಆದರೆ ನಮ್ಮ ಅಂಗಡಿಯ ಬಿಳಿ ಅಲಸಂದೆಯ ಕಟ್ಟಿಗೆ ಕೆಂಪು ಬಣ್ಣವಿಲ್ಲ. ಬೇಕನ್ ಬಿಟ್ಟು, ಕೆರೊಲೈನಾದಲ್ಲಿ ಬೆನ್ನೆ ಎಂಬ ಆಫ್ರಿಕದ ಹೆಸರಿನಿಂದಲೇ ಕರೆಯುವ ಎಳ್ಳನ್ನು ಹುರಿದು ಹಾಕಿದ್ದು ಸಸ್ಯಾಹಾರಿಗಳಿಗೆ ಹಿಡಿಸಿತು. ನನಗೆ ಹೊಗೆಯ ವಾಸನೆ ಸಾಲಲಿಲ್ಲ.

ಕಳೆದ ಜನವರಿ 1ರಂದು ನೆರೆಯ ಗಲ್ಲಾ ಸಮುದಾಯದ, ಅಂದರೆ ಈ ಕರಾವಳಿಯಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರ ವಂಶಸ್ಥರಲ್ಲಿ, ಹಿರಿಯಾಕೆಯೊಬ್ಬರನ್ನು ಊಟಕ್ಕೆ ಕರೆದಿದ್ದೆ. ಅವರು ಮಾತಾಡದೆ ಎರಡು ಬಾರಿ ಬಡಿಸಿಕೊಂಡು, ಕೊನೆಗೆ ಪಾತ್ರೆಯನ್ನೇ ಹತ್ತಿರಕ್ಕೆ ಎಳೆದು, ತಳ ಹಿಡಿದ ಹೊಂಬಣ್ಣದ ಅನ್ನವನ್ನು ಚಮಚದಿಂದ ಕೆರೆದು ತಿಂದರು.