ಕೆಲಸದ ಅರ್ಜಿಯಲ್ಲಿ ಜಾತಿ ಕೇಳಿದರೆ ಏನು ಮಾಡಬೇಕು?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಜೆರಾಕ್ಸ್, ದುಡಿಮೆಯೆಲ್ಲ ಆನ್‌ಲೈನ್ ಅರ್ಜಿಯಿಂದ. ಜಾತಿ ಕಾಲಂ ಬಂದ ತಕ್ಷಣ ಹುಡುಗರು ನನ್ನ ಮುಖ ನೋಡುತ್ತಾರೆ. ನಾನು ಕೇಳೋದು ಒಂದೇ: ಸರ್ಕಾರಿನೋ, ಖಾಸಗಿನೋ?

ಸರ್ಕಾರಿ ಆದರೆ ಸಂಕೋಚ ಬೇಡ. ಅಲ್ಲಿ ಕೇಳೋದು ಮೀಸಲಾತಿಗೆ. ಮನೆಯಲ್ಲಿ ಹೇಳೋ ಹಾಗಲ್ಲ, ಪ್ರಮಾಣಪತ್ರದಲ್ಲಿ ಇರೋ ಹಾಗೆ ಬರೆಯಿರಿ. ಹೆಸರಿನ ಕೊನೆಗೆ 'ನಾಯ್ಕ' ಇರುವ ಲಂಬಾಣಿ ಹುಡುಗ ಎಸ್‌ಸಿ, ನಾಯಕ ಸಮುದಾಯದವರು ಎಸ್‌ಟಿ. ಹೆಸರು ನೋಡಿ ಅಂದಾಜಿನ ಮೇಲೆ ಒತ್ತುವ ಸೈಬರ್‌ನವರೂ ಇದ್ದಾರೆ, ಸಬ್ಮಿಟ್‌ಗೆ ಮುಂಚೆ ನೀವೇ ಸ್ಕ್ರೀನ್ ನೋಡಿ. ಕೆಪಿಎಸ್‌ಸಿಗೆ ಜಾತಿ ಪ್ರಮಾಣಪತ್ರ ಎಸ್‌ಸಿ, ಎಸ್‌ಟಿಯವರದು ನಮೂನೆ ಡಿ, ಪ್ರವರ್ಗ 1ರವರದು ಇ, 2ಎ, 2ಬಿ, 3ಎ, 3ಬಿಯವರದು ಎಫ್. ಬ್ಯಾಂಕು, ರೈಲ್ವೆಗೆ ಕೇಂದ್ರದ ಪಟ್ಟಿಯೇ ಬೇರೆ. ಇಲ್ಲಿ 3ಬಿ ಇದ್ದವರೆಲ್ಲ ಅಲ್ಲಿ ಒಬಿಸಿ ಅಲ್ಲ.

ಖಾಸಗಿ ಕೆಲಸಕ್ಕಾದರೆ ಜಾತಿ, ಧರ್ಮ ಬರೆಯಲೇಬೇಡಿ. ಕೆಲವರು ಮದುವೆಗೆ ಮಾಡಿಸಿದ ಬಯೋಡೇಟಾನೇ ತರುತ್ತಾರೆ, ಗೋತ್ರ, ನಕ್ಷತ್ರ ಸಮೇತ! ಆ ಸಾಲುಗಳನ್ನ ಅಳಿಸಿಯೇ ಪ್ರಿಂಟ್ ಕೊಡುತ್ತೇನೆ.

ಕಷ್ಟ ಇರೋದು ಸಂದರ್ಶನದಲ್ಲಿ. ನೇರವಾಗಿ ಯಾರೂ ಕೇಳಲ್ಲ. "ನಿಮ್ಮ ಮನೆದೇವರು ಯಾವುದು?" "ಯಾವ ಮಠಕ್ಕೆ ನಡ್ಕೋತೀರಿ?" "ಮನೇಲಿ ಬಾಡೂಟ ಮಾಡ್ತೀರಾ?" ಮಂಡಿಪೇಟೆಯಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಬಾಡೂಟದ ಸುದ್ದಿ ಯಾಕೆ ಬೇಕು ಹೇಳಿ? ಸಿಟ್ಟು ಮಾಡ್ಕೋಬೇಡಿ. "ಸಾರ್, ಟ್ಯಾಲಿ ಬರುತ್ತೆ, ಜಿಎಸ್‌ಟಿ ಬಿಲ್ ಹಾಕ್ತೀನಿ, ಬೇಕಾದ್ರೆ ಈಗ್ಲೇ ಒಂದು ಹಾಕಿ ತೋರಿಸ್ತೀನಿ" ಅಂತ ಮಾತು ತಿರುಗಿಸಿ. ಮತ್ತೆ ಕೇಳಿದರೆ ನಗುತ್ತಲೇ "ಈ ಕೆಲಸಕ್ಕೆ ಅದು ಬೇಕಾ ಸಾರ್?" ಅನ್ನಿ. ಬೇರೆ ಜಾತಿ ಹೆಸರು ಮಾತ್ರ ಹೇಳಬೇಡಿ. ಆಮೇಲೆ ಅದನ್ನೇ ಹಿಡ್ಕೊಂಡು ಹೊರಗೆ ಹಾಕುತ್ತಾರೆ.

ಕಾನೂನು ಇಲ್ವಾ ಅಂತೀರಾ? ಜಾತಿ, ಧರ್ಮ ನೋಡಿ ಕೆಲಸ ನಿರಾಕರಿಸಬಾರದು ಅನ್ನುವ ಸಂವಿಧಾನದ 16(2)ನೇ ವಿಧಿ ಸರ್ಕಾರಿ ನೌಕರಿಗೆ ಮಾತ್ರ. ಖಾಸಗಿಯವರು ಜಾತಿ ಕೇಳಿದ್ದಕ್ಕೇ ಕೇಸು ಹಾಕೋದು ಸುಲಭ ಅಲ್ಲ. ಆದರೆ ಅಸ್ಪೃಶ್ಯತೆಯ ಕಾರಣಕ್ಕೆ ಕೆಲಸ ತಪ್ಪಿಸಿದರೆ 1955ರ ನಾಗರಿಕ ಹಕ್ಕುಗಳ ಕಾಯ್ದೆ ಇದೆ. ಎಸ್‌ಸಿ, ಎಸ್‌ಟಿಯವರನ್ನು ನಾಲ್ಕು ಜನರೆದುರು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅಂಥದ್ದಾದರೆ ತಾರೀಕು, ಯಾರು ಏನಂದರು, ಪಕ್ಕದಲ್ಲಿ ಯಾರಿದ್ದರು, ಅವತ್ತೇ ಬರೆದಿಟ್ಟುಕೊಂಡು ಠಾಣೆಗೆ ಹೋಗಿ.

ಮಾಲೀಕರೂ ಅರ್ಜಿ ಫಾರಂ ಟೈಪ್ ಮಾಡಿಸೋಕೆ ಬರುತ್ತಾರೆ. ಜಾತಿ ಕಾಲಂ ಯಾಕೆ ಅಂದರೆ "ಪಿಎಫ್‌ಗೆ ಬೇಕಲ್ವಾ ಮೇಡಂ" ಅಂತಾರೆ. ಬೇಡ. ಪಿಎಫ್‌ಗೆ ಆಧಾರ್, ಬ್ಯಾಂಕ್ ಖಾತೆ ಇದ್ದರೆ ಸಾಕು. ಹಳೇ ಗ್ರಾಚ್ಯುಟಿ ನಾಮಿನಿ ಫಾರಂನಲ್ಲಿ ಧರ್ಮದ ಕಾಲಂ ಇತ್ತು, ನಿಜ. ಆದರೆ ಅದನ್ನ ತುಂಬುತ್ತಿದ್ದದ್ದು ಕೆಲಸಕ್ಕೆ ಸೇರಿದ ಮೇಲೆ.