ಊರಿಗೊಂದು ಐಸ್ ಗೋಡೆ: ಕಟ್ಟೋದು ಹೇಗೆ?

ಚಳಿಗಾಲದಲ್ಲಿ ಲಡಾಖಿಗೋ ಸ್ಪಿತಿಗೋ ಹೋಗಿ ಬಂದ ನಮ್ಮ ಬೆಂಗಳೂರಿನ ಕ್ಲೈಂಬಿಂಗ್ ಹುಡುಗರಿಗೆ ಒಂದು ಆಸೆ ಹುಟ್ಟಿಯೇ ಹುಟ್ಟುತ್ತೆ: ಅಲ್ಲೊಂದು ಐಸ್ ಗೋಡೆ ಮಾಡೋಣ, ಬಂಡೆಗೆ ನೀರು ಬಿಟ್ಟು ಹೆಪ್ಪುಗಟ್ಟಿಸೋಣ, ಆ ಊರಿನ ಮಕ್ಕಳೂ ಹತ್ತೋದು ಕಲೀಲಿ. ಒಳ್ಳೇ ಆಸೆ. ತುರಹಳ್ಳಿ, ರಾಮನಗರದ ಬಂಡೆಗಳಲ್ಲಿ ಪಳಗಿದವರು, ಹಗ್ಗ ಗೊತ್ತು, ಗಂಟು ಗೊತ್ತು. ಗೊತ್ತಿಲ್ಲದೇ ಇರೋದು ನೀರು. ಹಾಗಾಗಿ ದುಡ್ಡನ್ನೆಲ್ಲ ಐಸ್ ಆಕ್ಸು (ಐಸಿಗೆ ಹೊಡೆದು ಹಿಡಿಯೋ ಕೊಡಲಿ), ಕ್ರ್ಯಾಂಪಾನಿಗೆ (ಬೂಟಿಗೆ ಕಟ್ಟೋ ಲೋಹದ ಮುಳ್ಳು) ಸುರೀತಾರೆ, ಪೈಪಿನ ಸರದಿ ಬಂದಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನು ತರ್ತಾರೆ, ಒಂದೆರಡು ರಾತ್ರಿಯಲ್ಲಿ ಪೈಪ್ ಸೀಳುತ್ತೆ, ಕೆಲಸ ಅಲ್ಲಿಗೇ ನಿಲ್ಲುತ್ತೆ. ಇದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಐಸ್ ಗೋಡೆ ಅಂದರೆ ಮುಕ್ಕಾಲು ಪಾಲು ಪ್ಲಂಬಿಂಗ್. ಹತ್ತೋದು ಆಮೇಲಿನ ಮಾತು.

ಇದು ಹೊಸ ಸಾಹಸವೇನಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಯೂರೇ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ಜಲವಿದ್ಯುತ್ ಪೈಪಿನಿಂದ ಸೋರಿದ ನೀರು ಕಮರಿಯ ಗೋಡೆಗೆ ಹೆಪ್ಪುಗಟ್ಟುತ್ತಿತ್ತು. 1990ರ ದಶಕದಲ್ಲಿ ಊರಿನವರು ಆ ಸೋರಿಕೆಯನ್ನೇ ಬೆಳೆಸಿ ಐಸ್ ಪಾರ್ಕ್ ಮಾಡಿದರು. ಲಡಾಖಿನವರಿಗಂತೂ ಐಸ್ ಕಟ್ಟೋದನ್ನು ಯಾರೂ ಹೇಳಿಕೊಡಬೇಕಿಲ್ಲ. ಪದ್ಮಶ್ರೀ ಪಡೆದ ಎಂಜಿನಿಯರ್ ಚೆವಾಂಗ್ ನೋರ್ಫೆಲ್ 1980ರ ದಶಕದಿಂದಲೇ ಕೃತಕ ಹಿಮನದಿ ಕಟ್ಟಿದವರು. ಸೋನಂ ವಾಂಗ್‌ಚುಕ್ 2013ರ ಚಳಿಗಾಲದಲ್ಲಿ ಪಂಪೇ ಇಲ್ಲದೆ, ಬರೀ ಇಳಿಜಾರಿನ ಬಲದಿಂದ ನೀರು ಚಿಮ್ಮಿಸಿ ಐಸ್ ಸ್ತೂಪ, ಅಂದರೆ ಐಸಿನ ಗೋಪುರ, ನಿಲ್ಲಿಸಿದರು. ನಮಗೆ ಬೇಕಾಗಿರೋದು ಅದೇ ಉಪಾಯ, ಗೋಪುರದ ಬದಲು ಬಂಡೆಯ ಮೇಲೆ.

ಮೊದಲು ಊರಿನವರು

ಲಡಾಖಿನ ಹಳ್ಳಿಗಳಲ್ಲಿ ಯಾರ ಹೊಲಕ್ಕೆ ಯಾವಾಗ ನೀರು ಅಂತ ನೋಡಿಕೊಳ್ಳೋಕೆ ಛುರ್ಪೋನ್ ಅಂತ ಒಬ್ಬರು ಇರ್ತಾರೆ. ಅವರ ಜೊತೆ ಕೂತು ಚಹಾ ಕುಡಿದು ಮಾತಾಡದೆ ಹಳ್ಳಕ್ಕೆ ಪೈಪ್ ಹಾಕಬೇಡಿ. ಚಳಿಗಾಲದಲ್ಲಿ ನಲ್ಲಿಗಳೆಲ್ಲ ಕಟ್ಟಿಹೋಗಿ, ಊರಿಗೆ ಕುಡಿಯೋ ನೀರು ಒಂದೆರಡು ಕಡೆ ಮಾತ್ರ ಹರೀತಿರುತ್ತೆ. ಆ ನೀರನ್ನು ಮುಟ್ಟಲೇಬಾರದು. ಸುಮ್ನೆ ಹರಿದು ಹೋಗೋ ಹಳ್ಳದ ನೀರು ಸಾಕು. ಇದರಿಂದ ಊರಿಗೂ ಲಾಭ ಇದೆ. ಬಿತ್ತನೆಗೆ ನೀರು ಬೇಕಾಗೋದು ಏಪ್ರಿಲ್, ಮೇ ತಿಂಗಳಲ್ಲಿ. ಮೇಲಿನ ಹಿಮನದಿ ಸರಿಯಾಗಿ ಕರಗೋದು ಜೂನ್ ಹೊತ್ತಿಗೆ. ನಿಮ್ಮ ಗೋಡೆ ಹೊಲಗಳ ಮೇಲ್ಭಾಗದಲ್ಲಿದ್ದರೆ ಕರಗಿದ ನೀರು ಕಾಲುವೆಗೇ ಇಳಿಯುತ್ತೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಜಾಗ ತೋರಿಸಿ ಹೇಳಿ.

ಜಾಗ

ಉತ್ತರಕ್ಕೆ ಮುಖ ಮಾಡಿದ ಬಂಡೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣದ ಕಡೆ ತಗ್ಗಿನಲ್ಲೇ ಸಾಗ್ತಾನೆ, ಉತ್ತರದ ಮುಖಕ್ಕೆ ಬಿಸಿಲೇ ತಾಗಲ್ಲ. ಲೇಹ್ ಇರೋದು 3,500 ಮೀಟರ್ ಎತ್ತರದಲ್ಲಿ. ಗಾಳಿ ಕೊರೆಯುವಷ್ಟು ತಣ್ಣಗಿದ್ದರೂ ಬಿಸಿಲು ಮಾತ್ರ ಚುರುಕು. ಮಧ್ಯಾಹ್ನ ಎರಡು ಗಂಟೆ ಬಿಸಿಲು ಬಿದ್ದರೂ ಆ ಗೋಡೆ ಬೇಡ. ಎತ್ತರ 12ರಿಂದ 15 ಮೀಟರ್ ಸಾಕು, 30 ಮೀಟರಿನ ಹುಚ್ಚು ಬೇಡ.

ಬಂಡೆ ಇಲ್ಲದ ಊರಲ್ಲಿ ಸ್ಕ್ಯಾಫೋಲ್ಡಿಂಗ್ ಕಟ್ಟಿ ನೀರು ಬಿಡೋಣ ಅಂತ ಕೆಲವರು ಕೇಳ್ತಾರೆ. ಲೆಕ್ಕ ಹಾಕಿ. ಒಂದು ಘನ ಮೀಟರ್ ಐಸ್ ಹತ್ತಿರ ಹತ್ತಿರ 917 ಕೆಜಿ. 10 ಮೀಟರ್ ಎತ್ತರ, 4 ಮೀಟರ್ ಅಗಲ, ಅರ್ಧ ಮೀಟರ್ ದಪ್ಪದ ಗೋಡೆಗೆ 18 ಟನ್ ಆಯ್ತು. ಬಣ್ಣ ಹೊಡೆಯೋಕೆ ಕಟ್ಟೋ ಸ್ಕ್ಯಾಫೋಲ್ಡಿಂಗ್ ಇದನ್ನು ಹೊರಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಹಾಕದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಬೋಲ್ಟ್

ಹತ್ತುವವರ ಹಗ್ಗ ನೇತುಹಾಕೋಕೆ ಬಂಡೆಯ ಮೇಲೆ ಬೋಲ್ಟ್ ಬೇಕು, ಅದನ್ನು ಸೆಪ್ಟೆಂಬರ್‌ನಲ್ಲೇ ಮುಗಿಸಿ. ಅಂಟು ತುಂಬಿ ಕೂರಿಸುವ ಬೋಲ್ಟ್ ಆದರೆ ಚಳಿಯಲ್ಲಿ ಅಂಟು ಗಟ್ಟಿಯಾಗೋದೇ ಇಲ್ಲ. ಒಂದೊಂದು ಹಗ್ಗಕ್ಕೂ ಕನಿಷ್ಠ ಎರಡು ಬೋಲ್ಟ್, ಬಂಡೆಯ ಅಂಚಿನಿಂದ ಹಿಂದಕ್ಕೆ, ಗಟ್ಟಿ ಕಲ್ಲಿನಲ್ಲಿ. ಅಲ್ಲಿಂದ ಅಂಚಿನವರೆಗೆ ಉದ್ದನೆ ಸರಪಳಿ ಇಳಿಬಿಡಿ, ಯಾಕಂದ್ರೆ ಜನವರಿ ಹೊತ್ತಿಗೆ ಅಂಚಿನ ಮೇಲೂ ಐಸ್ ಕೂತು ಬೋಲ್ಟ್ ಹೂತುಹೋಗಿರುತ್ತೆ. ಹಾರ್ಡ್‌ವೇರ್ ಅಂಗಡಿಯ ಆಂಕರ್ ಬೋಲ್ಟ್ ಗೇಟಿಗೆ, ಗೀಸರಿಗೆ ಸರಿ, ಮನುಷ್ಯರ ಜೀವಕ್ಕಲ್ಲ. ಕ್ಲೈಂಬಿಂಗಿಗೆ ಅಂತಲೇ ಮಾಡಿದ್ದನ್ನು ತನ್ನಿ. ಐಸ್ ಸ್ಕ್ರೂ (ಐಸಿಗೆ ತಿರುಗಿಸಿ ಕೂರಿಸೋ ಲೋಹದ ಕೊಳವೆ) ಹಾಕಿ ಅದರ ಮೇಲೆ ದಿನವಿಡೀ ಟಾಪ್ ರೋಪ್ (ಮೇಲಿಂದ ಇಳಿಬಿಟ್ಟ ಹಗ್ಗದಲ್ಲಿ ಹತ್ತೋದು) ನಡೆಸೋ ಅಭ್ಯಾಸವೂ ನನಗೆ ಸೇರಲ್ಲ. ಬಿಸಿಲಿಗೆ ಲೋಹ ಕಾದು ಸುತ್ತಲಿನ ಐಸ್ ಕರಗುತ್ತೆ.

ಪೈಪ್: ಎಲ್ಲರೂ ಎಡವುವ ಜಾಗ

ಗೋಡೆಯ ತಲೆಗಿಂತ 15–20 ಮೀಟರ್ ಮೇಲಿಂದ ನೀರು ತನ್ನಿ. ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತೆ, ಗೋಡೆಯ ತಲೆಯಲ್ಲಿ ನೀರು ಬಿಡೋ ಶವರ್ ನಡೆಯೋಕೆ ಅಷ್ಟು ಸಾಕು. ಪಂಪ್ ಬೇಡವೇ ಬೇಡ. ರಾತ್ರಿ ಎರಡಕ್ಕೆ ಕರೆಂಟ್ ಹೋದರೆ ನೀರು ಪೈಪಿನಲ್ಲೇ ನಿಲ್ಲುತ್ತೆ, ನಿಂತ ನೀರು ಐಸ್ ಆಗುತ್ತೆ, ಐಸ್ ಆಗುವಾಗ ಶೇ 9ರಷ್ಟು ಹಿಗ್ಗುತ್ತೆ. ಬೆಳಿಗ್ಗೆ ನಿಮ್ಮ ಕೈಗೆ ಸಿಗೋದು ಸೀಳಿದ ಪೈಪ್.

ಪೈಪ್ ಎಚ್‌ಡಿಪಿಇ (ಬಾಗೋ ಗಟ್ಟಿ ಪ್ಲಾಸ್ಟಿಕ್) ಆಗಿರಲಿ, ಮುಖ್ಯ ಲೈನಿಗೆ 63 ಮಿಮೀ. ಕಪ್ಪು ಬಣ್ಣದ್ದು, ಸುರುಳಿಯಲ್ಲಿ ಬರುತ್ತೆ. ಅಷ್ಟಿಷ್ಟು ಹೆಪ್ಪುಗಟ್ಟಿದರೂ ತಡ್ಕೊಳ್ಳುತ್ತೆ. ಪಿವಿಸಿ ಚಳಿಗೆ ಗಾಜಾಗುತ್ತೆ, ಬೂಟುಗಾಲು ತಗುಲಿದರೂ ಒಡೆಯುತ್ತೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಗಟ್ಟಿ, ಆದರೆ ಒಳಗಿನ ನೀರನ್ನು ಬೇಗ ತಣ್ಣಗೆ ಮಾಡುತ್ತೆ, ಒಮ್ಮೆ ಸೀಳಿದರೆ ವೆಲ್ಡಿಂಗ್ ಮಾಡೋರನ್ನು ಹುಡುಕ್ಕೊಂಡು ಊರೂರು ಅಲೀಬೇಕು.

ಈಗ ಮುಖ್ಯ ವಿಷಯ. ಪೈಪ್ ಮೇಲಿಂದ ಕೆಳಗೆ ಒಂದೇ ಇಳಿಜಾರಿನಲ್ಲಿ ಬರಬೇಕು. ಎಲ್ಲೂ ಹೊಟ್ಟೆ ಬಿಡಬಾರದು. ಕಲ್ಲಿನ ಮೇಲಿಂದ ಕಲ್ಲಿಗೆ ಹಾಯಿಸಿ ನಡುವೆ ಜೋತುಬಿಟ್ಟರೆ ಆ ತಗ್ಗಿನಲ್ಲಿ ನಾಲ್ಕು ಲೋಟ ನೀರು ಉಳಿಯುತ್ತೆ, ಇಡೀ ಲೈನ್ ಕಟ್ಟಿಕೊಳ್ಳೋಕೆ ಅಷ್ಟೇ ಸಾಕು. ಜೋತುಬಿದ್ದ ಕಡೆಯೆಲ್ಲ ಕೆಳಗೆ ಕಲ್ಲು ಜೋಡಿಸಿ ಎತ್ತಿ ಕಟ್ಟಿ. ತೀರಾ ಕೆಳಗಿನ ತುದಿಯಲ್ಲಿ ಡ್ರೇನ್ ವಾಲ್ವ್. ಮೇಲೆ, ನೀರು ಒಳಗೆ ಬರುವ ಜಾಗದಲ್ಲಿ ಮುಖ್ಯ ವಾಲ್ವ್, ಅದರ ಸ್ವಲ್ಪ ಕೆಳಗೆ ಗಾಳಿ ಒಳಗೆ ಹೋಗೋಕೆ ಒಂದು ಸಣ್ಣ ವಾಲ್ವ್.

ನೀರು ನಿಲ್ಲಿಸುವಾಗ ಮೊದಲು ಮೇಲಿನದು ಬಂದ್, ತಕ್ಷಣ ಗಾಳಿಯದು ತೆಗೀರಿ, ಆಮೇಲೆ ಕೆಳಗಿನ ಡ್ರೇನ್. ಗಾಳಿ ಒಳಗೆ ಹೋಗದಿದ್ದರೆ ನೀರು ಪೂರ್ತಿ ಇಳಿಯಲ್ಲ. ಡ್ರೇನ್ ಹತ್ತಿರವೇ ನಿಂತಿರಿ. ಮೊದಲು ಭೋರ್ ಅಂತ ಬರುತ್ತೆ, ಆಮೇಲೆ ಉಗುಳಿ ಉಗುಳಿ, ಕೊನೆಗೆ ಬರೀ ಗಾಳಿಯ ಸದ್ದು. ಆ ಗಾಳಿಯ ಸದ್ದು ಕೇಳೋವರೆಗೆ ಮನೆಗೆ ಹೋಗಬೇಡಿ. ಚಳಿ ಅಂತ ಕೆಳಗಿನ ವಾಲ್ವ್ ಮಾತ್ರ ತಿರುಗಿಸಿ ಓಡೋರು ಒಬ್ಬರಾದರೂ ಇರ್ತಾರೆ, ಅವರ ಕೈಗೆ ಈ ಕೆಲಸ ಕೊಡಬೇಡಿ. ಪ್ಲಾಸ್ಟಿಕ್ ಹಿಡಿಯ ಅಗ್ಗದ ಬಾಲ್ ವಾಲ್ವೂ ಬೇಡ. ಚಳಿಯಲ್ಲಿ ಹಿಡಿ ಕೈಗೇ ಮುರಿದು ಬರುತ್ತೆ, ವಾಲ್ವ್ ಅರ್ಧ ತೆರೆದುಕೊಂಡು ಕೂರುತ್ತೆ. ಹಿತ್ತಾಳೆಯದನ್ನೇ ಹಾಕಿ.

ಹಳ್ಳದಲ್ಲಿ ಪೈಪಿನ ಬಾಯಿಗೆ ಜಾಲರಿ ಕಟ್ಟಿ ನೀರಿನ ತಳದ ಕಡೆ ಇಡಿ. ಕಡು ಚಳಿಯ ರಾತ್ರಿ ನೀರಿನಲ್ಲೇ ಹರಳು ಹರಳಾಗಿ ಐಸ್ ತೇಲಿ ಬಂದು ಜಾಲರಿಯನ್ನು ಮುಚ್ಚಿಬಿಡುತ್ತೆ. ರಾತ್ರಿಯಲ್ಲಿ ಒಂದೆರಡು ಸಲ ಹೋಗಿ ಕೈಯಾರೆ ತೆಗೀಬೇಕು, ಬೇರೆ ದಾರಿ ಇಲ್ಲ.

ಐಸ್ ಕೂರಿಸೋದು

ರಾತ್ರಿ ಬಿಡದೆ ಮೈನಸ್ 10ಕ್ಕಿಂತ ಕೆಳಗೆ ಹೋಗೋಕೆ ಶುರುವಾದ ಮೇಲೆ ನೀರು ಬಿಡಿ. ಅದಕ್ಕೂ ಮುಂಚೆ ಬಂಡೆಯ ಮೇಲಿಂದ ಹಳೇ ಮೀನುಬಲೆಯನ್ನೋ ಮುಳ್ಳಿನ ಕೊಂಬೆಗಳನ್ನೋ ಇಳಿಬಿಟ್ಟರೆ ಐಸ್‌ಗೆ ಹಿಡಿತ ಸಿಗುತ್ತೆ.

ಇಲ್ಲಿ ಎಲ್ಲರಿಗೂ ಆತುರ. ವಾಲ್ವ್ ಪೂರ್ತಿ ತೆಗೆದು ಧೋ ಅಂತ ಬಿಡ್ತಾರೆ. ಸೊನ್ನೆ ಡಿಗ್ರಿಗೆ ಬಂದ ನೀರು ಕೂಡ ಐಸ್ ಆಗಬೇಕಾದರೆ ಗ್ರಾಂ ಒಂದಕ್ಕೆ 80 ಕ್ಯಾಲೊರಿ ಶಾಖ ಬಿಟ್ಟುಕೊಡಬೇಕು. ಆ ಶಾಖ ಬಹುಪಾಲು ಗಾಳಿಗೇ ಹೋಗಬೇಕು, ಅದಕ್ಕೆ ಹೊತ್ತು ಬೇಕು. ಜಾಸ್ತಿ ನೀರು ಬಂದರೆ ಹೆಪ್ಪುಗಟ್ಟುವ ಮೊದಲೇ ಇಳಿದುಹೋಗುತ್ತೆ, ನಿನ್ನೆ ಕೂತ ಐಸನ್ನೂ ಕೊರೆಯುತ್ತೆ. ಗೋಡೆಗೆ ಸುಣ್ಣ ಬಳಿಯೋ ಹಾಗೆ ಮಾಡಿ, ಒಂದು ಕೋಟ್ ಹಿಡಿದ ಮೇಲೆ ಇನ್ನೊಂದು. ಹಾಗಂತ ತೀರಾ ಕಮ್ಮಿ ಬಿಟ್ಟರೆ ಶವರಿನ ಬಾಯಲ್ಲೇ ಕಟ್ಟಿಕೊಳ್ಳುತ್ತೆ. ಬಂಡೆಯ ಮೇಲೆ ತೆಳ್ಳಗೆ ಹೊಳೆಯುವ ಪರದೆ ಇಳೀತಿರಬೇಕು, ಬುಡದಲ್ಲಿ ಸಣ್ಣ ಧಾರೆ ಕಾಣಬೇಕು. ಬುಡದಲ್ಲಿ ಕಾಲುವೆಯೇ ಹರೀತಿದ್ದರೆ ವಾಲ್ವ್ ಸ್ವಲ್ಪ ತಿರುಗಿಸಿ.

ಶವರ್ ದಪ್ಪ ತೂತಿನದಿರಲಿ. ಹೂವಿನ ಗಿಡಕ್ಕೆ ಮಂಜು ಚಿಮುಕಿಸೋ ನಾಝಲ್ ತಂದರೆ ಹನಿ ಗಾಳಿಯಲ್ಲೇ ಹೆಪ್ಪುಗಟ್ಟಿ ಬಿಳೀ ಪುಡಿಯಾಗಿ ಬೀಳುತ್ತೆ. ನೋಡೋಕೆ ಚೆಂದ, ಆಕ್ಸ್ ಹೊಡೆದರೆ ನಿಲ್ಲಲ್ಲ. ಫೈರ್ ಟ್ಯಾಂಕರ್ ತರಿಸಿ ಒಂದೇ ರಾತ್ರಿಯಲ್ಲಿ ಮುಗಿಸೋ ಐಡಿಯಾವನ್ನೂ ಮರೆತುಬಿಡಿ.

ಆಗಾಗ ಆಕ್ಸಿನ ಹಿಂಬದಿಯಿಂದ ತಟ್ಟಿ ನೋಡಿ. ಟಕ್ ಅಂದರೆ ಗಟ್ಟಿ. ಡಬ್ ಡಬ್ ಅಂದರೆ ಹಿಂದೆ ಟೊಳ್ಳು, ಹಾಳೆ ಬಂಡೆ ಬಿಟ್ಟಿದೆ ಅಂತ ಅರ್ಥ. ಆ ಭಾಗವನ್ನು ಕೆಡವಿ ಮತ್ತೆ ನೀರು ಬಿಡಬೇಕು. ಬೇಜಾರು ಅನ್ನಿಸುತ್ತೆ, ಆದರೂ ಕೆಡವಿ.

ಬುಡದಿಂದ ಹರಿಯೋ ನೀರಿಗೆ ಮೊದಲೇ ಚರಂಡಿ ತೋಡಿ ಹಳ್ಳಕ್ಕೆ ಸೇರಿಸಿ. ಇಲ್ಲಾಂದ್ರೆ ಅದು ಊರ ದಾರಿಗೆ ಬಂದು ಹೆಪ್ಪುಗಟ್ಟುತ್ತೆ, ಯಾರದೋ ಅಜ್ಜಿ ಜಾರಿ ಬೀಳ್ತಾರೆ, ಗೋಡೆಯ ಕಥೆ ಅಲ್ಲಿಗೆ ಮುಗೀತು.

ಹತ್ತೋದು

ಹೆಲ್ಮೆಟ್ ಎಲ್ಲರಿಗೂ, ನೋಡೋಕೆ ಬಂದವರಿಗೂ. ಬಿಲೇ ಮಾಡುವವರು, ಅಂದರೆ ಕೆಳಗೆ ಹಗ್ಗ ಹಿಡಿದವರು, ಹತ್ತುವವರ ನೇರ ಕೆಳಗೆ ನಿಲ್ಲಬಾರದು, ಪಕ್ಕಕ್ಕೆ ಸರಿದಿರಬೇಕು. ಮೈನಸ್ 20ರ ಬೆಳಗಿನಲ್ಲಿ ಐಸ್ ಪೆಡಸು, ಒಂದು ಏಟಿಗೆ ತಟ್ಟೆಯಷ್ಟಗಲ ಚೂರು ಕಳಚಿ ಬರುತ್ತೆ. ಮಕ್ಕಳನ್ನು ಹನ್ನೊಂದು ಗಂಟೆಯ ಮೇಲೆ ಕರೆಯಿರಿ. ಮಕ್ಕಳ ಅಳತೆಯ ಬೂಟು, ಕ್ರ್ಯಾಂಪಾನ್ ಕೊಳ್ಳೋಕೆ ಮಾತ್ರ ಜಿಪುಣತನ ಬೇಡ, ದೊಡ್ಡವರ ಬೂಟಿಗೆ ಬಟ್ಟೆ ತುರುಕಿ ಹತ್ತಿಸೋದು ಅಪಾಯ.

ಫೆಬ್ರುವರಿ ಕೊನೆಗೆ ಗೋಡೆಯ ತಲೆಯಲ್ಲಿ, ಐಸ್ ಬಂಡೆಗೆ ಸೇರುವಲ್ಲಿ ಬಿರುಕು ಬಿಟ್ಟಿದೆಯಾ ನೋಡ್ತಾ ಇರಿ. ಬಿರುಕು ಕಂಡ ದಿನ, ಅಥವಾ ಐಸಿನ ಹಿಂದೆ ನೀರು ಹರಿಯೋ ಸದ್ದು ಕೇಳಿದ ದಿನ, ಹಗ್ಗ ಬಿಚ್ಚಿ. ಇನ್ನೊಂದು ಭಾನುವಾರ ಅಂತ ಯಾರು ಎಷ್ಟೇ ಗೋಗರೆದರೂ ಬಿಚ್ಚಿ, ಬುಡಕ್ಕೆ ಯಾರೂ ಹೋಗದ ಹಾಗೆ ಬೇಲಿ ಕಟ್ಟಿ. ಐಸ್ ಪೂರ್ತಿ ಇಳಿದ ಮೇಲೆ ಬಲೆಯ ಚೂರುಗಳನ್ನೆಲ್ಲ ಆರಿಸಿ, ಹೊಲಕ್ಕೆ ಹೋಗಬಾರದು. ಪೈಪನ್ನು ಸುರುಳಿ ಸುತ್ತಿ ಬಿಸಿಲು ಬೀಳದ ಕಡೆ ಎತ್ತಿಡಿ, ಎರಡೂ ಬಾಯಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಇಲಿ ಸಂಸಾರ ಹೂಡುತ್ತೆ.